ಗೋಣೆಪ್ಪನ ಮೂರು ಕೂಗು

ಕೋರ್ಟು ಎಂದರೆ ಜನಕ್ಕೆ ಕರಿ ಕೋಟು ನೆನಪಾಗುತ್ತದೆ. ವಕೀಲರ ಬಗ್ಗೆ ಹೇಳಲು ವಕೀಲರೇ ಸಾಕು, ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಉಳಿಸುವವರಲ್ಲ. ನಾನು ಹೇಳಹೊರಟಿರುವುದು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ ಗೋಣೆಪ್ಪನ ವಿಷಯ. ಹೆಗಲಿಂದ ಸೊಂಟದವರೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೊಂದು ಹಿತ್ತಾಳೆ ಬಿಲ್ಲೆ, ತಲೆಗೆ ಬಿಳಿ ರುಮಾಲು. ಆ ಕೆಲಸದವನನ್ನು ದಲಾಯತ್ ಎನ್ನುತ್ತಿದ್ದರು. ಮ್ಯಾಜಿಸ್ಟ್ರೇಟರು ಪೀಠಕ್ಕೆ ಬಂದಾಗ ಎಲ್ಲರನ್ನೂ ಎಬ್ಬಿಸುವುದು, ಕಡತ ಹೊರುವುದು, ಮೇಜಿನ ಮೇಲೆ ನೀರಿಡುವುದು, ಇವೆಲ್ಲಕ್ಕಿಂತ ಹೆಚ್ಚಾಗಿ ಕೂಗುವುದು ಅವನ ಕೆಲಸ.

ನಾನು ಬೆಂಚ್ ಗುಮಾಸ್ತ. ಮ್ಯಾಜಿಸ್ಟ್ರೇಟರ ಪೀಠದ ಕೆಳಗೆ ಕೂತು ಅವತ್ತಿನ ಕೇಸುಗಳನ್ನು ಒಂದೊಂದಾಗಿ ಮೇಲಕ್ಕೆ ಕೊಡುವವನು, ಪ್ರತಿ ಕೇಸಿನಲ್ಲಿ ಏನಾಯಿತು ಎಂದು ಆರ್ಡರ್ ಶೀಟಿನಲ್ಲಿ ಬರೆಯುವವನು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದೆ. ಹೊನ್ನಾಳಿ, ಚನ್ನಗಿರಿ, ಕೊನೆಗೆ ಹೆಂಡತಿಯ ತವರಿಗೆ ಹತ್ತಿರವಾಗಲಿ ಎಂದು ಪರಸ್ಪರ ವರ್ಗ ಮಾಡಿಸಿಕೊಂಡು ಜಗಳೂರು. ನಡುವೆ ನಿಯೋಜನೆಯ ಮೇಲೆ ಬೇರೆ ಕಡೆಗೂ ಹೋಗಿದ್ದುಂಟು. ಈಗ ಹೇಳುವುದು ಎಲ್ಲಿ ನಡೆಯಿತು ಎಂದು ಕೇಳಬೇಡಿ, ಹೇಳುವುದಿಲ್ಲ. ತಪ್ಪು ಮಾಡಿದ್ದು ಕಟ್ಟಡ ಅಲ್ಲ, ನಾವು.

ಗೋಣೆಪ್ಪ ನ್ಯಾಮತಿ ಕಡೆಯ ಗೋವಿನಕೋವಿಯವನು. ಎಳೆತನದಲ್ಲಿ ಜೋಳದ ಹೊಲದ ಅಟ್ಟಣೆ ಹತ್ತಿ ಹಕ್ಕಿ ಓಡಿಸಿ ಬೆಳೆಸಿದ ಗಂಟಲು ಅವನದು. ಆ ಗಂಟಲಿಗೇ ಕೆಲಸ ಸಿಕ್ಕಿತು ಎಂದು ಅವನ ಹೆಂಡತಿ ಕರಿಬಸಮ್ಮ ಚೇಷ್ಟೆ ಮಾಡುತ್ತಿದ್ದಳು. ಮನೆಯಲ್ಲಿ ಮಾತ್ರ ಅವನ ಬಾಯಿಂದ ಎರಡು ಮಾತು ಹೊರಡಿಸಬೇಕಾದರೆ ಹಗ್ಗ ಹಾಕಿ ಎಳೆಯಬೇಕು ಎನ್ನುತ್ತಿದ್ದಳು. ನಿಜವೇ. ಕೆಲಸದ ಹೊತ್ತು ಬಿಟ್ಟರೆ ಅವನು ಮಾತಿನವನಲ್ಲ. ಆದರೆ ಅವನು ಹೊಸದಾಗಿ ಸೇರಿದ ಕಾಲದಲ್ಲಿ ಅವನ ಕೂಗು ಕೇಳಬೇಕಿತ್ತು. ಯಾರನ್ನೇ ಆಗಲಿ ಮೂರು ಸಲ ಕರೆಯಬೇಕೆಂಬುದು ನಮ್ಮಲ್ಲಿನ ಪದ್ಧತಿ. ಮೊದಲ ಕೂಗು ಬಾಗಿಲಲ್ಲಿ, ಒಳಗೆ ಮತ್ತು ಜಗಲಿಯಲ್ಲಿ ಇರುವವರಿಗೆ. ಎರಡನೆಯದು ಜಗಲಿಯ ಅಂಚಿಗೆ ಬಂದು, ಅಂಗಳದಲ್ಲಿ ಇರುವವರಿಗೆ. ಮೂರನೆಯದಕ್ಕೆ ಅವನು ಮೆಟ್ಟಿಲು ಇಳಿದು ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಪ್ರತಿ ಕೂಗಿನ ನಡುವೆ ಒಬ್ಬ ಮನುಷ್ಯ ಕೂತಲ್ಲಿಂದ ಎದ್ದು ಓ ಎನ್ನುವಷ್ಟು ಹೊತ್ತು ಬಿಡುತ್ತಿದ್ದ.

ಬರಬರುತ್ತಾ ಕೇಸು ಹೆಚ್ಚಾದವು. ದಿನಕ್ಕೆ ಹದಿನೈದು ಇದ್ದದ್ದು ಐವತ್ತಾಯಿತು. ಮೆಟ್ಟಿಲಿಳಿಯುವುದು ಮೊದಲು ನಿಂತಿತು, ಆಮೇಲೆ ಜಗಲಿಯ ಅಂಚಿಗೆ ಹೋಗುವುದೂ ನಿಂತಿತು. ಎಪ್ಪತ್ತೊಂಬತ್ತರ ಹೊತ್ತಿಗೆ ಗೋಣೆಪ್ಪ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಮೂರು ಸಲ ಹೆಸರು ಹೇಳಿ ಒಳಗೆ ತಿರುಗುತ್ತಿದ್ದ. ಅವನೊಬ್ಬನನ್ನೇ ಯಾಕೆ ಅನ್ನಬೇಕು. ನಾನೂ ಬೆಳಿಗ್ಗೆ ಹತ್ತೂವರೆಗೇ ಕೂತು, ಕೇಸು ಕರೆಯುವ ಮೊದಲೇ ಅರ್ಧ ಹಾಳೆಗಳಲ್ಲಿ 'ಮೂರು ಸಲ ಕೂಗಿಸಲಾಯಿತು' ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ಆಮೇಲೆ 'ಹಾಜರು' ಅಥವಾ 'ಗೈರು' ಎಂದು ಸೇರಿಸಿದರೆ ಆಯಿತು. ನನ್ನ ಚುರುಕಿಗೆ ಇಬ್ಬರು ಮ್ಯಾಜಿಸ್ಟ್ರೇಟರು ಮೆಚ್ಚುಗೆ ಬರೆದು ಹೋಗಿದ್ದಾರೆ. ಆ ಮೆಚ್ಚುಗೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷ ನಮ್ಮಲ್ಲಿ ಗಿಡ್ಡಮ್ಮನ ಕೇಸು ನಡೆಯುತ್ತಿತ್ತು. ಗಿಡ್ಡಮ್ಮ ಕೂಲಿಯವಳು, ಕೇರಿಯವಳು, ಗಂಡನಿಲ್ಲದವಳು, ನಲವತ್ತರ ಆಸುಪಾಸು. ಅವಳ ಊರಿನ ಮುರುಗೇಶಪ್ಪ ಎಂಬವನ ಕಬ್ಬಿನ ಗದ್ದೆಯಲ್ಲಿ ರವದಿ, ಅಂದರೆ ಒಣಗಿದ ಗರಿ, ಬಿಡಿಸುತ್ತಿದ್ದಾಗ ಬಾಯಾರಿ ಅವನ ಪಂಪಿನ ಮನೆಯ ತೊಟ್ಟಿಗೆ ಕೈ ಹಾಕಿ ನೀರು ಕುಡಿದಳು. ಅವನು ಮೆಟ್ಟಿನಲ್ಲಿ ಮುಖಕ್ಕೆ ಹೊಡೆದ. ಮುಂದಿನ ಹಲ್ಲೊಂದು ಮುರಿಯಿತು. ಜೊತೆಗೆ ಕೆಲಸ ಮಾಡುತ್ತಿದ್ದ ಹತ್ತು ಜನ ನೋಡಿದರು, ಸಾಕ್ಷಿ ಹೇಳಲು ಒಪ್ಪಿದ್ದು ಅವಳ ಮೈದುನ ಧರ್ಮಪ್ಪ ಒಬ್ಬನೇ. ಠಾಣೆಯಲ್ಲಿ ರಾಜಿ ಮಾಡಿಕೋ ಎಂದರು. ಅವಳು ಮಾಡಿಕೊಳ್ಳಲಿಲ್ಲ. ಒಬ್ಬ ಎಳೆಯ ವಕೀಲರು ಕೈಯಿಂದ ಖರ್ಚು ಹಾಕಿ ನೇರವಾಗಿ ನಮ್ಮ ಕೋರ್ಟಿನಲ್ಲಿ ಖಾಸಗಿ ಫಿರ್ಯಾದು ಹೂಡಿಸಿದರು.

ಹನ್ನೊಂದು ತಾರೀಕು ಆದವು. ಒಂದು ಸಲ ಆಪಾದಿತನಿಗೆ ಸಮನ್ಸ್ ಮುಟ್ಟಿರಲಿಲ್ಲ, ಒಂದು ಸಲ ಮ್ಯಾಜಿಸ್ಟ್ರೇಟರಿಗೆ ವರ್ಗವಾಗಿತ್ತು, ಇನ್ನೊಂದು ಸಲ ಅವನ ವಕೀಲರಿಗೆ ನೆಗಡಿ. ಹನ್ನೊಂದಕ್ಕೂ ಅವಳು ಬಂದಳು. ಬಂದವಳು ಒಳಗೆ ಕೂರುತ್ತಿರಲಿಲ್ಲ. ಜಗಲಿಯ ಬೆಂಚಿನ ಮೇಲೆ ಮುರುಗೇಶಪ್ಪ ತನ್ನ ಕಡೆಯ ನಾಲ್ಕು ಜನರನ್ನು ಕಟ್ಟಿಕೊಂಡು ಕೂರುತ್ತಿದ್ದ. ಅವನ ಎದುರಿಗೆ ಹಾದು ಹೋಗಿ ಕೂರುವ ಧೈರ್ಯ ಅವಳಿಗೆ ಬರಲಿಲ್ಲ. ರಸ್ತೆಯಂಚಿನ ಹೊಂಗೆ ಮರದ ಬುಡದಲ್ಲಿ ಕೂತಿರುತ್ತಿದ್ದಳು. ಅದು ಗೋಣೆಪ್ಪನಿಗೆ ಗೊತ್ತಿತ್ತು. ಅವಳ ಹೆಸರು ಬಂದಾಗ ಹೊರಗೆ ಹೋಗಿ ಕೈ ಬೀಸಿ ಕರೆದು ತರುತ್ತಿದ್ದ.

ಹನ್ನೆರಡನೇ ತಾರೀಕಿಗೆ ಅವಳ ಹೇಳಿಕೆ ಆಗಬೇಕಿತ್ತು. ಅವಳ ವಕೀಲರು ಅವತ್ತು ಶಿವಮೊಗ್ಗದ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದರು, ಮಧ್ಯಾಹ್ನಕ್ಕೆ ಬರುತ್ತೇನೆಂದು ನಮಗೆ ತಿಳಿಸುವುದನ್ನೂ ಮರೆತಿದ್ದರು. ಐವತ್ತಮೂರು ಕೇಸು. ಮ್ಯಾಜಿಸ್ಟ್ರೇಟರು ಹೊಸಬರು, ಬಾಕಿ ಹೆಚ್ಚಾಗಿದೆ ಎಂದು ಮೇಲಿನವರಿಂದ ಬೈಸಿಕೊಂಡು ಬಂದಿದ್ದರು. ಬೇಗ ಬೇಗ ಎನ್ನುತ್ತಲೇ ಇದ್ದರು. ಇಪ್ಪತ್ತಾರನೇ ಕೇಸು ಗಿಡ್ಡಮ್ಮನದು. ಗೋಣೆಪ್ಪ ಆಗತಾನೇ ಒಬ್ಬ ಕೈದಿಯ ಜಾಮೀನುದಾರರನ್ನು ಹುಡುಕಿ ತಂದು ಏದುಸಿರು ಬಿಡುತ್ತಿದ್ದ. ಬಾಗಿಲಿಗೆ ಮುಖ ತಿರುಗಿಸಿ "ಗಿಡ್ಡಮ್ಮ ಗಿಡ್ಡಮ್ಮ ಗಿಡ್ಡಮ್ಮ" ಎಂದು ಮಂತ್ರ ಹೇಳಿದ ಹಾಗೆ ಹೇಳಿ, ಇಲ್ಲ ಸ್ವಾಮಿ ಎಂದ. ನಾನು 'ಗೈರು' ಎಂದು ಸೇರಿಸಿದೆ. ಈ ಬಗೆಯ ಕೇಸಿನಲ್ಲಿ ಫಿರ್ಯಾದಿ ಬಾರದಿದ್ದರೆ ಆಪಾದಿತನನ್ನು ಬಿಡುಗಡೆ ಮಾಡಬೇಕೆಂದು ಕಾನೂನೇ ಇದೆ. ಮುರುಗೇಶಪ್ಪ ಕೈಮುಗಿದು ಹೊರಟುಹೋದ. ಅಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಒಂದು ಗಂಟೆಗೆ ಪೀಠ ಎದ್ದಿತು. ಟೀ ಕುಡಿಯಲು ಹೊರಗೆ ಹೋದ ಗೋಣೆಪ್ಪ ಹೋದಷ್ಟೇ ಬೇಗ ತಿರುಗಿ ಬಂದು ನನ್ನ ಮೇಜಿನ ಮುಂದೆ ನಿಂತ. ಮುಖ ಬೂದಿಯಾಗಿತ್ತು. ಹೊಂಗೆ ಮರದ ಕೆಳಗೆ ಗಿಡ್ಡಮ್ಮ ರೊಟ್ಟಿಗಂಟು ಬಿಚ್ಚಿಕೊಂಡು ಕೂತಿದ್ದಾಳೆ, ಬೆಳಿಗ್ಗೆ ಹತ್ತರಿಂದ ಅಲ್ಲೇ ಇದ್ದಾಳೆ, ನಮ್ಮದು ಯಾವಾಗ ಕೂಗುತ್ತೀಯಪ್ಪ ಎಂದು ತನ್ನನ್ನೇ ಕೇಳಿದಳು ಎಂದ. ಸಾಹೇಬರ ಸಹಿ ಆಯಿತೇ ಎಂದು ಕೇಳಿದ.

ಸಹಿ ಆಗಿರಲಿಲ್ಲ. ಬೆಳಗಿನ ಹಾಳೆಗಳೆಲ್ಲ ಇನ್ನೂ ನನ್ನ ಮೇಜಿನ ಮೇಲೇ ಇದ್ದವು. ಊಟವಾದ ಮೇಲೆ ಒಟ್ಟಿಗೆ ಚೇಂಬರಿಗೆ ಕಳಿಸುವುದು ರೂಢಿ. ಸಹಿ ಬೀಳುವವರೆಗೆ ಅದು ಬರಿ ಕಾಗದ, ಬಿದ್ದ ಮೇಲೆ ಮ್ಯಾಜಿಸ್ಟ್ರೇಟರಿಗೂ ತಿದ್ದುವ ಹಕ್ಕಿಲ್ಲ. ಆಮೇಲೆ ಬೆಂಗಳೂರಿನ ಹೈಕೋರ್ಟೇ ಗತಿ, ಅದು ಗಿಡ್ಡಮ್ಮನಂಥವರಿಗೆ ಕಾಶಿಗಿಂತ ದೂರ. ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಒಳಗೆ ಹೋಗಿ ಸ್ವಾಮಿ, ಫಿರ್ಯಾದಿ ಇದ್ದಾಳಂತೆ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಕೂಗಿದವನು ನೀನು, ನೀನೇ ಹೋಗಿ ಹೇಳಿಕೋ ಎಂದೆ.

ಗೋಣೆಪ್ಪ ಹೋದ. ಐದು ನಿಮಿಷಕ್ಕೆ, ಆ ಹಾಳೆ ಸಮೇತ ಬರಬೇಕೆಂದು ನನಗೂ ಕರೆ ಬಂತು. ಮ್ಯಾಜಿಸ್ಟ್ರೇಟರು ಊಟದ ಡಬ್ಬಿ ಮುಚ್ಚಿ ಕೂತಿದ್ದರು, ಕೆಟ್ಟವರಲ್ಲ, ದಣಿದಿದ್ದರು. ಇವನು ಸರಿಯಾಗಿ ಕೂಗಲಿಲ್ಲ ಎನ್ನುತ್ತಿದ್ದಾನೆ, ಹಾಳೆಯಲ್ಲಿ ನೀವು ಮೂರು ಸಲ ಕೂಗಿಸಲಾಯಿತು ಎಂದು ಬರೆದಿದ್ದೀರಿ, ಯಾವುದು ನಿಜ ಎಂದು ಕೇಳಿದರು. ಗೋಣೆಪ್ಪ ನನ್ನ ಕಡೆ ನೋಡಲಿಲ್ಲ.

"ಕೂಗೀನ್ರಿ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಆಕಿಗೆ ಕೇಳಂಗೆ ಕೂಗಿಲ್ಲ. ಆಕಿ ಎಲ್ಲಿ ಕುಂತಿರ್ತಾಳೆ ಅಂಬದು ನನಗೆ ಗೊತ್ತಿತ್ತು."

ಮ್ಯಾಜಿಸ್ಟ್ರೇಟರು ಅದೆಲ್ಲ ಬೇಡ ಎಂದು ನನ್ನ ಕಡೆ ತಿರುಗಿದರು. ಮೂರು ಸಲ ಕೂಗಿದನೋ ಇಲ್ಲವೋ, ಅಷ್ಟು ಹೇಳಿ ಎಂದರು. ನನ್ನ ತಲೆಯಲ್ಲಿ ಓಡಿದ್ದು ಒಂದೇ ವಿಚಾರ: ಇಲ್ಲ ಎಂದರೆ ನಾನು ಬರೆದದ್ದು ಸುಳ್ಳಾಗುತ್ತದೆ, ಹಾಗಾದರೆ ಇಷ್ಟು ವರ್ಷ ಬರೆದದ್ದೆಲ್ಲ ಹೇಗೆ ಎಂದು ಕೇಳುತ್ತಾರೆ. ಕೂಗಿದ ಸ್ವಾಮಿ, ಮೂರು ಸಲ, ನಾನೇ ಕೇಳಿಸಿಕೊಂಡೆ ಎಂದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ವರ್ಷ ಹೀಗೆ ಚುಚ್ಚುತ್ತಿರಲಿಲ್ಲವೇನೋ. ಅವರು ಪೆನ್ನು ತೆಗೆದು ನನ್ನ ಮುಂದೆಯೇ ಸಹಿ ಹಾಕಿದರು.

ಅವಳ ವಕೀಲರು ಇನ್ನೂ ಬಂದಿರಲಿಲ್ಲ, ಗಿಡ್ಡಮ್ಮನಿಗೆ ಹೇಳಿದ್ದು ಗೋಣೆಪ್ಪನೇ. ಅವಳನ್ನು ನನ್ನ ಮೇಜಿನವರೆಗೆ ಕರೆದುಕೊಂಡು ಬಂದು ನಿಲ್ಲಿಸಿ, ತಪ್ಪು ತನ್ನದು ಎಂದ. ನನ್ನ ಹೆಸರು ಎತ್ತಲಿಲ್ಲ. ಅವಳು ಮೊದಲು ಮುಂದಿನ ತಾರೀಕು ಯಾವತ್ತು ಎಂದು ಕೇಳಿದಳು. ಇನ್ನು ತಾರೀಕಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಂದಿನ ಹಾಳೆಗಳನ್ನು ನೋಡಿದಳು.

"ಅವನಿಗೆ ಶಿಕ್ಷೆ ಆಗದಿದ್ರೆ ಬಿಡ್ರಿ. ನಾ ಬಂದಿದ್ದೆ ಅಂತ ಒಂದು ಕಾಗದದಾಗೆ ಬರಕೊಡ್ರಿ. ಇಲ್ಲಾಂದ್ರೆ ನಮ್ಮೋರು ನನ್ನ ನಂಬಂಗಿಲ್ಲ."

ಹಾಗೆ ಬರೆದುಕೊಡಲು ನಿಯಮವಿಲ್ಲ, ಬೇಕಾದರೆ ಅರ್ಜಿ ಹಾಕಿ ಆದೇಶದ ನಕಲು ತೆಗೆದುಕೋ ಎಂದೆ. ಆ ನಕಲಿನಲ್ಲಿ ಅವಳು ಗೈರು ಎಂದೇ ಇರುತ್ತದೆ ಎಂದು ನನಗೂ ಗೊತ್ತಿತ್ತು, ಗೋಣೆಪ್ಪನಿಗೂ ಗೊತ್ತಿತ್ತು. ಅವಳು ಆಯ್ತಪ್ಪ ಎಂದು ಹೊರಟಳು.

ಅವಳು ಹೆದರಿದ್ದೇ ಆಯಿತು. ಕೋರ್ಟಿಗೆ ಹೋಗಿ ಹೆಸರು ಕೂಗಿದಾಗ ಇಲ್ಲದಿದ್ದವರು ಒಳಗೊಳಗೆ ರಾಜಿಯಾದವರು ಎಂದೇ ನಮ್ಮ ಹಳ್ಳಿಗಳಲ್ಲಿ ಲೆಕ್ಕ. ಮುರುಗೇಶಪ್ಪ ಅವತ್ತೇ ಸಂಜೆ, ಎರಡು ಚೀಲ ಜೋಳಕ್ಕೆ ಗಿಡ್ಡಮ್ಮ ಮರದ ಕೆಳಗೇ ಉಳಿದಳು ಎಂದು ಹೋಟೆಲಿನಲ್ಲಿ ಹೇಳಿದ. ಮರುದಿನಕ್ಕೆ ಅದು ಊರಿಗೆಲ್ಲ ಗೊತ್ತು. ಸಾಕ್ಷಿ ಹೇಳುತ್ತೇನೆಂದು ಗದ್ದೆ ಕೆಲಸ ಕಳೆದುಕೊಂಡಿದ್ದ ಮೈದುನ ಧರ್ಮಪ್ಪ, ನನ್ನ ಬಾಯಿಗೂ ಮಣ್ಣು ಹಾಕಿದೆಯಲ್ಲ ಎಂದು ಅವಳ ಮನೆಗೆ ಬರುವುದನ್ನು ಬಿಟ್ಟ. ಕೇರಿಯ ಹೆಂಗಸರು ಕೂಲಿಗೆ ಹೋಗುವಾಗ ಅವಳನ್ನು ಕರೆಯದೆ ಹೋದರು. ಒಡೆಯನ ಮೆಟ್ಟು ತಿಂದದ್ದನ್ನು ತಡೆದುಕೊಂಡ ಹೆಂಗಸು ಇದನ್ನು ತಡೆದುಕೊಳ್ಳಲಾರದೆ ಸೊರಗುತ್ತಿದ್ದಾಳೆ ಎಂದು ಆ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ್ ಗೋಣೆಪ್ಪನಿಗೆ ಹೇಳಿದ.

ಗೋಣೆಪ್ಪ ಮೂರು ವಾರ ಎಂದಿನಂತೆ ಕೆಲಸಕ್ಕೆ ಬಂದ. ಹೆಸರು ಕೂಗುವುದು ಮಾತ್ರ ಬದಲಾಗಿತ್ತು. ಮತ್ತೆ ಬಾಗಿಲು, ಜಗಲಿ, ಮೆಟ್ಟಿಲು. ಮ್ಯಾಜಿಸ್ಟ್ರೇಟರು ಗೊಣಗಿದರೂ ಬಿಡಲಿಲ್ಲ. ಒಂದು ಶನಿವಾರ ಕೋರ್ಟು ಬಿಡುವ ಹೊತ್ತಿಗೆ ನನ್ನ ಹತ್ತಿರ ಬಂದು, ನಾಳೆ ಗಿಡ್ಡಮ್ಮನ ಊರಿಗೆ ಹೋಗುತ್ತಿದ್ದೇನೆ, ನೀವೂ ಬರುತ್ತೀರಾ ಎಂದು ಕೇಳಿದ. ಮನೆಗೆ ನೆಂಟರು ಬರುತ್ತಾರೆ ಎಂದೆ. ಯಾವ ನೆಂಟರೂ ಬರುವವರಿರಲಿಲ್ಲ. ಅವನಿಗೂ ಅದು ಗೊತ್ತಾಗಿರಬೇಕು, ಆಯ್ತ್ರಿ ಎಂದು ಹೋದ.

ಅಲ್ಲಿ ಏನಾಯಿತು ಎಂಬುದು ನನಗೆ ತಿಳಿದದ್ದು ಬುಧವಾರ, ಮುರುಗೇಶಪ್ಪ ಕೊಟ್ಟ ದೂರಿನ ಅರ್ಜಿಯಿಂದ. ಅರ್ಜಿ ಬರೆಯುವವನಿಂದ ಎರಡು ಪುಟ ಬರೆಸಿ, ಹೆಬ್ಬೆರಳುದ್ದದ ಸಹಿ ಹಾಕಿ ತಂದಿದ್ದ. ಅದರಲ್ಲಿ ಹೀಗಿತ್ತು: 'ಸದರಿ ದಲಾಯತ್ ಗೋಣೆಪ್ಪನು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕೋರ್ಟಿನ ಕೆಂಪು ಪಟ್ಟಿ ಧರಿಸಿಕೊಂಡು ನಮ್ಮ ಗ್ರಾಮಕ್ಕೆ ಬಂದು, ನನ್ನ ವಾಸದ ಮನೆಯ ಮುಂದೆ ಒಂದು ಸಲ, ಊರ ಚಾವಡಿಯ ಮುಂದೆ ಒಂದು ಸಲ, ಕೇರಿಯ ಬಾಯಲ್ಲಿ ಒಂದು ಸಲ, ಸದರಿ ಗಿಡ್ಡಮ್ಮಳ ಹೆಸರನ್ನು ಕೋರ್ಟಿನಲ್ಲಿ ಕೂಗುವ ರೀತ್ಯಾ ಗಟ್ಟಿಯಾಗಿ ಕೂಗಿದ್ದು, ಸದರಿ ಗಿಡ್ಡಮ್ಮಳು ಮನೆಯಿಂದ ಹೊರಗೆ ಬಂದು ಊರ ಜನರ ಸಮಕ್ಷಮ "ಬಂದೀನಪ್ಪ, ಅವತ್ತೂ ಬಂದಿದ್ದೆ" ಎಂದು ಜವಾಬು ಕೊಟ್ಟಿರುತ್ತಾಳೆ. ಅದಕ್ಕೆ ಸದರಿ ಗೋಣೆಪ್ಪನು, ಈಕೆ ಹಾಜರಿದ್ದಳು, ಕೂಗದಿದ್ದವನು ನಾನು ಎಂದು ಹೇಳಿ, ನನಗೆ ಅಪಾರ ಮಾನಹಾನಿ ಉಂಟುಮಾಡಿರುತ್ತಾನೆ.'

ನಾನು ಅದನ್ನು ನಿಂತುಕೊಂಡೇ ಓದಿದೆ. ಮಾತು ಬಾರದ ಆ ಮನುಷ್ಯ ಊರ ನಡುವೆ ನಿಂತು ಅಷ್ಟು ದೊಡ್ಡ ಮಾತಾಡಿದ, ನಾನು ಮನೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ.

ಮ್ಯಾಜಿಸ್ಟ್ರೇಟರು ವಿವರಣೆ ಕೇಳಿ ಮೆಮೊ ಕೊಟ್ಟರು. ಗೋಣೆಪ್ಪನ ಉತ್ತರವನ್ನು ಅವನು ಹೇಳಿದಂತೆ ನಾನೇ ಬರೆದೆ: ಅರ್ಜಿಯಲ್ಲಿರುವುದು ಎಲ್ಲವೂ ನಿಜ, ಕ್ಷಮೆ ಕೇಳುವುದಿಲ್ಲ. ಕ್ಷಮೆಯ ಮಾತು ತೆಗೆದುಬಿಡೋಣ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಪಟ್ಟಿಯನ್ನು ದುರುಪಯೋಗ ಮಾಡಿದ ಎಂದು ಅದನ್ನು ಕಿತ್ತುಕೊಂಡು ಅವನನ್ನು ದಾಖಲೆ ಕೋಣೆಗೆ ಹಾಕಿದರು. ಹಳೇ ಕೇಸಿನ ಕಟ್ಟುಗಳನ್ನು ಇಳಿಸುವುದು, ಧೂಳು ಹೊಡೆಯುವುದು, ಮತ್ತೆ ಏರಿಸುವುದು. ಆಮೇಲೆ ಅವನು ಯಾರ ಹೆಸರನ್ನೂ ಕೂಗಲಿಲ್ಲ. ಬಾಗಿಲಿಗೆ ಬಂದ ಹೊಸಬ ಎರಡೇ ದಿನದಲ್ಲಿ ಒಂದೇ ಉಸಿರಿನ ಕೂಗು ಕಲಿತ.

ಆ ಅರ್ಜಿಯನ್ನು ಸಿಬ್ಬಂದಿ ಕಡತಕ್ಕೆ ಸೇರಿಸಿ ಎಂದು ಅಂಚಿನಲ್ಲಿ ಆದೇಶವಾಗಿತ್ತು. ನಾನು ಅದರ ಪ್ರತಿಯೊಂದನ್ನು ಬರೆದು ಸಿಬ್ಬಂದಿ ಕಡತಕ್ಕೆ ಹಾಕಿ, ಮೂಲವನ್ನು ಗಿಡ್ಡಮ್ಮನ ಕೇಸಿನ ಕಟ್ಟಿಗೆ ಹೊಲಿದು ಪುಟದ ಸಂಖ್ಯೆ ಹಾಕಿದೆ. ಯಾರೂ ನೋಡಲಿಲ್ಲ. ಅಷ್ಟಕ್ಕೇ ನನ್ನ ಧೈರ್ಯ ಮುಗಿಯಿತು. ಅವಳಿಗೆ ಅದರ ನಕಲು ಕೊಡಬಹುದು ಎಂದು ಹೊಳೆಯದೆ ಇರಲಿಲ್ಲ. ಕೊಡಲು ಹೋದರೆ ಅವಳ ಮುಖ ನೋಡಬೇಕಲ್ಲ, ಅದಕ್ಕೆ ಹೋಗಲಿಲ್ಲ. ಹಾಗೆ ಐದು ವರ್ಷ ಕಳೆದವು.

ಎಂಬತ್ತನಾಲ್ಕರಲ್ಲಿ ಗೋಣೆಪ್ಪ ನಿವೃತ್ತನಾಗುವ ತಿಂಗಳು ಆ ಸಾಲಿನ ಸಣ್ಣ ಕೇಸುಗಳೆಲ್ಲ ನಾಶಪಟ್ಟಿಗೆ ಬಂದವು. ಇಂತಿಷ್ಟು ವರ್ಷವಾದ ಮೇಲೆ ಅಂಥ ಕಟ್ಟುಗಳನ್ನು ಸುಡುವುದು ವಾಡಿಕೆ. ಗೋಣೆಪ್ಪ ಗಿಡ್ಡಮ್ಮನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮೇಜಿಗೆ ಬಂದ. ಅದರೊಳಗೆ ಆ ಅರ್ಜಿ ಇರುವುದು ಅವನಿಗೆ ಮೊದಲ ವರ್ಷವೇ ಗೊತ್ತಾಗಿತ್ತಂತೆ, ಪುಟದ ಸಂಖ್ಯೆಯ ಅಕ್ಷರ ನನ್ನದೆಂದೂ ಗೊತ್ತಾಗಿತ್ತಂತೆ. ಇಷ್ಟು ವರ್ಷ ಒಂದು ಮಾತು ಕೇಳಿರಲಿಲ್ಲ.

"ಸುಡಾಕೆ ಮುಂಚೆ ಇದಕ್ಕೊಂದು ನಕಲು ಮಾಡಿ ಸೀಲು ಒತ್ತಿ ಕೊಡ್ರಿ. ನಾ ಕೊಟ್ಟು ಬರ್ತೀನಿ. ಆಕಿ ಕೇಳಿದ್ದು ಒಂದು ಕಾಗದ."

ನಾನೇ ಕೊಟ್ಟು ಬರುತ್ತೇನೆ ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹಂಗಾದ್ರೆ ಒಳ್ಳೇದಾತು ಎಂದು ಕಟ್ಟನ್ನು ಮೇಜಿನ ಮೇಲಿಟ್ಟ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅವನು ಗೋವಿನಕೋವಿಗೆ ಹೋದ ಮೇಲೆ, ಮುಂದಿನ ಭಾನುವಾರ ನಾನು ಬಸ್ಸು ಹತ್ತಿದೆ.

ಗಿಡ್ಡಮ್ಮ ಮನೆಯ ಮುಂದೆ ಸೌದೆ ಒಟ್ಟುತ್ತಿದ್ದಳು. ತಲೆ ಬೆಳ್ಳಗಾಗಿತ್ತು. ಕೋರ್ಟಿನಿಂದ ಬಂದವನು ಎಂದು ಗೊತ್ತಾಗಿ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ನಿಂತರು, ಧರ್ಮಪ್ಪನೂ ಬಂದ. ನಾನು ನಕಲು ಬಿಚ್ಚಿ, ಇದರಲ್ಲಿ ನೀನು ಬಂದಿದ್ದೆ ಎಂದು ಇದೆ ಎಂದು ಹೇಳಿ, ಆ ಭಾಗವನ್ನು ಓದಿದೆ. ಅವಳು ಮುರಿದ ಹಲ್ಲಿನ ಮೇಲೆ ಸೆರಗು ಹಿಡಿದು ಕೇಳಿದಳು. ಬರೆಸಿದ್ದು ಯಾರು ಎಂದಳು. ಮುರುಗೇಶಪ್ಪ ಎಂದೆ. ನಿಂತವರಲ್ಲಿ ಯಾರೋ ನಕ್ಕರು, ಅವಳು ನಗಲಿಲ್ಲ. ಕಾಗದ ಇಸಿದುಕೊಂಡು ಸೀಲಿನ ಮೇಲೆ ಬೆರಳಾಡಿಸಿದಳು.

"ಮೊದಲಿಂದು ಒಂದು ಐತಲ್ರಿ, ನಾ ಬಂದಿಲ್ಲ ಅಂಬ ಕಾಗದ. ಅದನ್ನ ಬರೆದಿದ್ದು ಯಾರು? ಗೋಣೆಪ್ಪನ್ನ ಕೇಳಿದ್ದೆ, ಕಡೇತನಕ ಹೇಳ್ಲಿಲ್ಲ."

ಕೇರಿಯ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು.

"ನಾನಮ್ಮ," ಎಂದೆ. "ನೀನು ಇದ್ದಾಗಲೇ ಇಲ್ಲ ಅಂತ ಬರೆದವನು ನಾನು."

ಅವಳಿಗೆ ಮಾತ್ರವಲ್ಲ, ಹಿಂದೆ ನಿಂತಿದ್ದವರಿಗೂ ಕೇಳಿಸುವ ಹಾಗೆ ಹೇಳಿದೆ.